ಅಳಿದುಳಿದ ಯೋಧಪಡೆಯನ್ನು ಮತ್ತೆ ಕಟ್ಟುವುದು ಹೇಗೆ: ಭವಿಷ್ಯದ ಕತೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ದೂರದ ಭವಿಷ್ಯದ ಒಂದು ಯೋಧಪಡೆ. ಒಂದು ಕಾಲದಲ್ಲಿ ಅದರ ಹೆಸರು ಕೇಳಿದರೆ ಗ್ರಹಗಳೇ ನಡುಗುತ್ತಿದ್ದವು. ಈಗ ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ. ಅವರು ಮತ್ತೆ ಎದ್ದು ನಿಲ್ಲಬೇಕು. ಕಾದಂಬರಿ, ಕಾಮಿಕ್ಸ್, ವಿಡಿಯೋ ಗೇಮ್, ಮೇಜಿನ ಮೇಲೆ ಗೊಂಬೆ ಸೈನ್ಯ ಇಟ್ಟು ಆಡುವ ಆಟ, ಎಲ್ಲ ಕಡೆಯೂ ಓಡುವ ವಸ್ತು ಇದು.

ಬರೆಯಲು ಕೂತವರು ಸಾಮಾನ್ಯವಾಗಿ ಕವಚದ ಬಣ್ಣದಿಂದ ಶುರು ಮಾಡುತ್ತಾರೆ. ಇಲ್ಲವೇ ಲಾಂಛನದಿಂದ. ಇಲ್ಲವೇ ಆ ಕೊನೆಯ ಮಹಾಯುದ್ಧದಿಂದ. ಇವೆಲ್ಲ ಆಮೇಲೆ ಬರಲಿ. ಇಂಥ ಕತೆಯ ಜೀವ ಇರುವುದು ಲೆಕ್ಕದಲ್ಲಿ. ಎಷ್ಟು ಜನ ಉಳಿದರು? ಯಾರು ಉಳಿದರು? ಏನು ಬಲ್ಲವರು ಹೋದರು? ಹೊಸಬರು ವರ್ಷಕ್ಕೆ ಎಷ್ಟು ಬರುತ್ತಾರೆ? ಇಷ್ಟನ್ನು ಕೂಡಿಸಿ ಕಳೆದು ನೋಡಿದರೆ ಪಾತ್ರಗಳೂ ಜಗಳಗಳೂ ಅಲ್ಲಿಂದಲೇ ಹುಟ್ಟುತ್ತವೆ.

ಉದಾಹರಣೆಗೆ ಒಂದು ಪಡೆಯನ್ನು ಕಲ್ಪಿಸಿಕೊಂಡು ಮುಂದೆ ಹೋಗೋಣ. ಹೆಸರು ಕೆಂಡಪಡೆ. ನಿಮಗೆ ಬೇರೆ ಹೆಸರು ಇಷ್ಟವಾದರೆ ಅದನ್ನೇ ಇಟ್ಟುಕೊಳ್ಳಿ.

ಹಂತ 1: ಹಾಜರಿ ಪುಸ್ತಕ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಮೇಲ್ಗಡೆ ಎರಡು ಸಂಖ್ಯೆ ಬರೆಯಿರಿ: ಮೊದಲು ಎಷ್ಟಿದ್ದರು, ಈಗ ಎಷ್ಟಿದ್ದಾರೆ. ಕೆಂಡಪಡೆಯಲ್ಲಿ 900 ಜನ ಇದ್ದರು, 41 ಜನ ಉಳಿದರು ಅಂದುಕೊಳ್ಳಿ. ಇಷ್ಟು ದೊಡ್ಡ ನಾಶ ಅತಿಯಾಯ್ತು ಅನ್ನಿಸಬಹುದು. ಆದರೆ 1244ರಲ್ಲಿ ಗಾಜಾದ ಹತ್ತಿರ ಲಾ ಫೋರ್ಬಿಯಲ್ಲಿ ನಡೆದ ಯುದ್ಧದಿಂದ, ಸನ್ಯಾಸದ ವ್ರತ ತೊಟ್ಟ ಮೂರು ಕ್ರೈಸ್ತ ಯೋಧಪಡೆಗಳ ಪೈಕಿ, ಟೆಂಪ್ಲರ್ ಯೋಧರಲ್ಲಿ 33, ಹಾಸ್ಪಿಟಲರ್‌ಗಳಲ್ಲಿ 27, ಟ್ಯೂಟಾನಿಕ್ ಯೋಧರಲ್ಲಿ ಬರೀ 3 ಮಂದಿ ಪಾರಾಗಿ ಬಂದರು ಎಂಬ ಲೆಕ್ಕ ಇತಿಹಾಸದಲ್ಲಿ ಸಿಗುತ್ತದೆ. ಮೂರೂ ಪಡೆಗಳು ಅದಾದ ಮೇಲೂ ದಶಕಗಟ್ಟಲೆ ಬದುಕಿದವು.

ಮುಂದಿನ ಪ್ರಶ್ನೆ ಇನ್ನೂ ಮುಖ್ಯ. ಉಳಿದವರು ಯಾರು? ಹೊಸ ಬರಹಗಾರರು ಇಲ್ಲಿ ಅತ್ಯುತ್ತಮ ಯೋಧರನ್ನೇ ಉಳಿಸಿಕೊಳ್ಳುತ್ತಾರೆ. ನಿಜದಲ್ಲಿ ಅತ್ಯುತ್ತಮರು ಮುಂದಿನ ಸಾಲಿನಲ್ಲಿರುತ್ತಾರೆ, ಮೊದಲು ಸಾಯುತ್ತಾರೆ. ಉಳಿಯುವವರು ಆ ದಿನ ಅಲ್ಲಿ ಇರದಿದ್ದವರು. ಕಾಯಿಲೆ ಬಿದ್ದವರು, ಉಗ್ರಾಣ ನೋಡಿಕೊಳ್ಳುವವರು, ಇನ್ನೂ ತರಬೇತಿಯಲ್ಲಿದ್ದ ಹುಡುಗರು, ಶಿಕ್ಷೆಗೆ ಒಳಗಾಗಿ ಬಂಧನದಲ್ಲಿದ್ದವರು. ಕೆಂಡಪಡೆಯ 41ನ್ನು ಹೀಗೆ ಬಿಡಿಸಬಹುದು: ರಿಪೇರಿಗೆ ನಿಂತಿದ್ದ ನೌಕೆಯಲ್ಲಿ 12, ತರಬೇತಿಯವರು 9, ಆಸ್ಪತ್ರೆಯಲ್ಲಿ 7, ಉಗ್ರಾಣ ಮತ್ತು ಕಮ್ಮಾರಸಾಲೆಯಲ್ಲಿ 6, ಸೆರೆಯಲ್ಲಿ 4, ಯುದ್ಧಭೂಮಿಯಿಂದ ಜೀವಂತ ಬಂದವರು 3.

ಆ ಮೂವರನ್ನು ಒಮ್ಮೆ ನೋಡಿ. ಅವರು ಹೇಳುವ ಕತೆ ಒಂದೇ ಆಗಿರಬಾರದು. ಒಬ್ಬಳು ನಾಯಕ ಕೊನೆಯವರೆಗೂ ಹೋರಾಡಿದ ಅನ್ನುತ್ತಾಳೆ. ಇನ್ನೊಬ್ಬ, ಹಿಂದೆ ಸರಿಯಿರಿ ಎಂಬ ಆದೇಶ ಬಂತು, ಆದರೆ ಪಾಲಿಸಲಿಲ್ಲ ಅನ್ನುತ್ತಾನೆ. ಮೂರನೆಯವನು ಬಾಯೇ ಬಿಡುವುದಿಲ್ಲ. ಉಳಿದ 38 ಜನರಿಗೆ ಸತ್ಯ ಗೊತ್ತಿರುವುದು ಈ ಮೂವರ ಮೂಲಕ ಮಾತ್ರ. ಮುಂದೆ ಎಷ್ಟು ಅಧ್ಯಾಯ ಬರೆದರೂ ಮುಗಿಯದ ಸರಕು ಇದು.

ಸೈನ್ಯಗಳು ಬೇಕಂತಲೇ ಜನರನ್ನು ಹಿಂದೆ ಉಳಿಸಿಕೊಂಡದ್ದೂ ಉಂಟು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ದೊಡ್ಡ ದಾಳಿಗೆ ಮುಂಚೆ ಪ್ರತಿ ಬೆಟಾಲಿಯನ್‌ನಿಂದ ಒಂದಷ್ಟು ಅಧಿಕಾರಿಗಳನ್ನೂ ಸೈನಿಕರನ್ನೂ ಕದನದಿಂದ ಹೊರಗಿಡುತ್ತಿತ್ತು. ಮಿಕ್ಕವರೆಲ್ಲ ಸತ್ತರೂ ಇವರ ಸುತ್ತ ಹೊಸ ಬೆಟಾಲಿಯನ್ ಕಟ್ಟಬಹುದು ಎಂಬ ಲೆಕ್ಕಾಚಾರ. ನಿಮ್ಮ ಪಡೆಯಲ್ಲಿ ಈ ಪದ್ಧತಿ ಇತ್ತಾ? ಇದ್ದರೆ ಆ ಪಟ್ಟಿ ಮಾಡಿದವರು ಯಾರು? ತನ್ನ ತಮ್ಮನ ಹೆಸರನ್ನು ಆ ಪಟ್ಟಿಗೆ ಸೇರಿಸಿದ ಅಧಿಕಾರಿ ಈಗ ಬದುಕಿದ್ದಾಳಾ?

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಇದೆ. ಹೊಯ್ಸಳರ ಕಾಲದಲ್ಲಿ ಗರುಡರೆಂಬ ಯೋಧರಿದ್ದರು. ಒಡೆಯ ಸತ್ತರೆ ತಾವೂ ಸಾಯುತ್ತೇವೆಂದು ಮಾತು ಕೊಟ್ಟವರು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ಹಾಗೆಯೇ ಪ್ರಾಣ ಬಿಟ್ಟ ಸಂಗತಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಶಾಸನದಲ್ಲಿದೆ. ನಿಮ್ಮ ಪಡೆಗೂ ಇಂಥ ವಚನ ಇದ್ದರೆ, ಉಳಿದ 41 ಜನರೂ ಮಾತಿಗೆ ತಪ್ಪಿದವರೇ. ಪಡೆಯನ್ನು ಮತ್ತೆ ಕಟ್ಟಲು ಹೊರಟವರೆಲ್ಲ ಅದರ ಮೊದಲ ನಿಯಮವನ್ನೇ ಮುರಿದವರು! ನನ್ನನ್ನು ಕೇಳಿದರೆ ಇಷ್ಟೊಂದು ಗಟ್ಟಿ ಬುನಾದಿ ಇನ್ನೊಂದು ಸಿಗುವುದಿಲ್ಲ.

ಹಂತ 2: ನಾಶದ ಕಾರಣ ಒಂದೇ ಸಾಲಿನಲ್ಲಿರಲಿ

ಇದಕ್ಕೆ ಹೆಚ್ಚು ಪುಟ ಖರ್ಚು ಮಾಡಬೇಡಿ. ಯುದ್ಧದ ಪೂರ್ತಿ ವಿವರ ಓದುಗರಿಗೆ ಬೇಡ, ನಿಮಗೂ ಬೇಡ. ಬೇಕಿರುವುದು ಎರಡೇ. ಆ ಕಾರಣ ಮತ್ತೆ ಬರುವಂಥದ್ದಾಗಿರಬೇಕು. ಮತ್ತು ಅದರ ಗುರುತು ಇವತ್ತಿನ ನಡವಳಿಕೆಯಲ್ಲಿ ಕಾಣಬೇಕು.

1916ರ ಜುಲೈ 1ರಂದು, ಮೊದಲ ಮಹಾಯುದ್ಧದ ಸೋಮ್ ಕದನದ ಮೊದಲ ದಿನ, ಬ್ರಿಟನ್ನಿನ ಆಕ್ರಿಂಗ್ಟನ್ ಮತ್ತು ಸುತ್ತಲ ಊರುಗಳಿಂದ ಒಟ್ಟಿಗೆ ಸೈನ್ಯ ಸೇರಿದ್ದ ಸುಮಾರು 700 ಮಂದಿ ದಾಳಿಗೆ ಇಳಿದರು. 580ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಗೆಳೆಯರು, ನೆರೆಯವರು ಜೊತೆಗಿದ್ದರೆ ಚೆನ್ನಾಗಿ ಹೋರಾಡುತ್ತಾರೆ ಎಂದು ಮಾಡಿದ್ದ ಏರ್ಪಾಡು ಅದು. ಒಂದೇ ಬೆಳಗ್ಗೆ ಬೀದಿಬೀದಿಗಳೇ ಖಾಲಿಯಾದವು. ಇಂಥ ಏಟು ತಿಂದ ಪಡೆ ಆಮೇಲೆ ಒಂದೇ ಊರಿನ ಇಬ್ಬರನ್ನು ಒಂದೇ ನೌಕೆಗೆ ಹಾಕುತ್ತದೆಯೇ? ಕೆಂಡಪಡೆಯ ಕಾರಣ ಹೀಗಿರಲಿ: ಎಲ್ಲ ಹಿರಿಯರೂ ಒಂದೇ ಕೋಟೆಯಲ್ಲಿ ಸೇರಿದ್ದರು. ಇವತ್ತಿಗೂ ಅವರಲ್ಲಿ ಮೂವರು ನಾಯಕರು ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಊಟಕ್ಕೂ ಪಾಳಿ. ಓದುಗರಿಗೆ ಕಾರಣ ಹೇಳುವ ಮುಂಚೆ ಈ ವಿಚಿತ್ರ ಅಭ್ಯಾಸ ತೋರಿಸಿ. ಅವರೇ ಯಾಕೆ ಅಂತ ಕೇಳುತ್ತಾರೆ.

ರೋಮನ್ನರು ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ಮೂರು ಲೀಜನ್, ಅಂದರೆ ಸಾವಿರಾರು ಸೈನಿಕರ ಮೂರು ದಳ, ಕಳೆದುಕೊಂಡರು. 17, 18, 19 ಎಂಬ ಆ ಸಂಖ್ಯೆಗಳನ್ನು ಮತ್ತೆ ಯಾವ ಲೀಜನ್‌ಗೂ ಕೊಡಲಿಲ್ಲ. ಮೌನವೂ ಒಂದು ಗುರುತು.

ಹೊಡೆತ ಶತ್ರುವಿನಿಂದಲೇ ಬರಬೇಕಿಲ್ಲ, ಅಲ್ವಾ? ಟೆಂಪ್ಲರ್‌ಗಳನ್ನು ಮುಗಿಸಿದ್ದು ಅವರು ಎದುರಿಸುತ್ತಿದ್ದ ಸೈನ್ಯವಲ್ಲ. 1307ರ ಅಕ್ಟೋಬರ್ 13ರಂದು ಫ್ರಾನ್ಸಿನ ರಾಜನೇ ಅವರನ್ನು ಹಿಡಿಸಿದ. ಅವನು ಅವರಿಗೆ ಸಾಲ ತೀರಿಸಬೇಕಿತ್ತು. 1312ರಲ್ಲಿ ಪೋಪ್ ಪಡೆಯನ್ನೇ ರದ್ದು ಮಾಡಿದರು.

ಹಂತ 3: ನೆಲೆ ಕೊಡಿ, ಜೊತೆಗೊಂದು ಷರತ್ತನ್ನೂ ಕೊಡಿ

ಈ ಹಂತಕ್ಕೆ ಹಾಸ್ಪಿಟಲರ್‌ಗಳಿಗಿಂತ ಒಳ್ಳೆಯ ಮಾದರಿ ಇಲ್ಲ. 1291ರಲ್ಲಿ ಈಗಿನ ಇಸ್ರೇಲಿನ ಕರಾವಳಿಯ ಆಕ್ರೆ ಕೋಟೆ ಬಿದ್ದಾಗ ಅವರು ಸೈಪ್ರಸ್‌ಗೆ ಓಡಿದರು. ಅಲ್ಲಿಂದ ರೋಡ್ಸ್ ದ್ವೀಪ ಹಿಡಿದು ಇನ್ನೂರು ವರ್ಷ ಆಳಿದರು. 1522ರಲ್ಲಿ ಅದೂ ಹೋಯಿತು. ಏಳು ವರ್ಷ ನೆಲೆಯಿಲ್ಲದೆ ಅಲೆದರು. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮಾಲ್ಟಾ ಕೊಟ್ಟ. ಬಾಡಿಗೆ ವರ್ಷಕ್ಕೆ ಒಂದು ಡೇಗೆ ಹಕ್ಕಿ. ಕೇಳಲು ಅಗ್ಗ. ಆದರೆ ಮಾಲ್ಟಾದ ಜೊತೆಗೆ ಆಫ್ರಿಕಾ ತೀರದ ಟ್ರಿಪೊಲಿಯನ್ನೂ ಕಾಯುವ ಹೊಣೆ ಅವರ ತಲೆಗೆ ಬಿತ್ತು. 1551ರಲ್ಲಿ ಅದನ್ನು ಕಳೆದುಕೊಂಡರು. 1565ರಲ್ಲಿ ಮಾಲ್ಟಾಗೇ ಮುತ್ತಿಗೆ ಬಿತ್ತು, ತಡೆದುಕೊಂಡರು.

ಇದರಲ್ಲಿ ನಿಮಗೆ ಬೇಕಾದ ಎರಡು ವಿಷಯ ಇವೆ. ಒಂದು, ಆಶ್ರಯ ಕೊಡುವವರು ಸುಮ್ನೆ ಕೊಡುವುದಿಲ್ಲ. ಕೆಂಡಪಡೆಗೆ ಒಂದು ಗಣಿ ಕೂಟ ತನ್ನ ಖಾಲಿ ಬಿದ್ದ ಚಂದ್ರನನ್ನು ಕೊಡುತ್ತದೆ ಅನ್ನಿ. ಬದಲಿಗೆ ಅದರ ಅದಿರು ಹಡಗುಗಳಿಗೆ ಕಾವಲು ಹೋಗಬೇಕು. ಗಣಿ ಕಾರ್ಮಿಕರು ದಂಗೆ ಎದ್ದರೆ? ಅವರನ್ನು ಹತ್ತಿಕ್ಕುವುದೂ ಕಾವಲಿನ ಭಾಗವೇ? ಒಪ್ಪಂದದಲ್ಲಿ ಆ ಸಾಲು ಅಸ್ಪಷ್ಟವಾಗಿರಲಿ. ಕತೆಯ ನಡುಭಾಗ ಅಲ್ಲೇ ಇದೆ.

ಎರಡು, ಜಾಗ ಬದಲಾದರೆ ಕಸುಬೂ ಬದಲಾಗುತ್ತದೆ. ಮರಳುಗಾಡಿನಲ್ಲಿ ಕುದುರೆ ಮೇಲೆ ಹೋರಾಡುತ್ತಿದ್ದ ಹಾಸ್ಪಿಟಲರ್‌ಗಳು ದ್ವೀಪಕ್ಕೆ ಬಂದ ಮೇಲೆ ಹಡಗಿನ ಯೋಧರಾದರು. ನಿಮ್ಮ ಪಡೆ ಗ್ರಹದ ಮೇಲೆ ಇಳಿದು ಹೋರಾಡುವುದರಲ್ಲಿ ಹೆಸರು ಮಾಡಿದ್ದರೆ, ಈಗ ಅವರಿಗೆ ಇಳಿಯುವ ನೌಕೆಯೇ ಇಲ್ಲದಿರಲಿ. ಏನು ಮಾಡುತ್ತಾರೆ? ಮುದುಕ ಯೋಧ ಹೊಸ ಕಸುಬನ್ನು ಹದಿನೇಳರ ಹುಡುಗಿಯಿಂದ ಕಲಿಯಬೇಕಾಗಿ ಬರುತ್ತದೆ.

ಸಹಾಯ ಕೇಳೋಣ ಅಂದರೆ ದೂರ ಅಡ್ಡ ಬರುತ್ತದೆ. ಸೂರ್ಯನಿಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರ. ಅಲ್ಲಿಗೆ ರೇಡಿಯೋ ಸಂದೇಶ ಕಳಿಸಿ ಉತ್ತರ ಪಡೆಯಲು ಎಂಟೂವರೆ ವರ್ಷ ಬೇಕು. ಬೆಳಕಿಗಿಂತ ವೇಗದ ಯಾನ ನಿಮ್ಮ ಕತೆಯಲ್ಲಿದ್ದರೆ ಸರಿ, ಆದರೆ ಅದರ ಎಂಜಿನ್ ಈ 41 ಜನರ ಕೈಯಲ್ಲಿ ಉಳಿದಿದೆಯಾ ಅಂತ ಮೊದಲೇ ತೀರ್ಮಾನಿಸಿ.

ಹಂತ 4: ಕಳೆದುಹೋದ ಕೈಚಳಕ

ಆಯುಧ ಕಳೆದರೆ ಇನ್ನೊಂದು ಮಾಡಬಹುದು. ಮಾಡಲು ಗೊತ್ತಿದ್ದವರು ಹೋದರೆ ಕಷ್ಟ. ನಕ್ಷೆ ಇದೆಯಲ್ಲ ಅನ್ನಬೇಡಿ. ಅಮೆರಿಕದ ಅಣ್ವಸ್ತ್ರಗಳಲ್ಲಿ ಬಳಸುವ ಫಾಗ್‌ಬ್ಯಾಂಕ್ ಎಂಬ ಗುಟ್ಟಿನ ವಸ್ತು ಒಂದಿದೆ. ಅದರ ತಯಾರಿಕೆ ನಿಂತು ಹೋಗಿತ್ತು. 2000ದ ನಂತರ ಮತ್ತೆ ಬೇಕಾದಾಗ ಹಳೆಯ ದಾಖಲೆ ಕಡಿಮೆ, ಗೊತ್ತಿದ್ದ ಜನರೂ ಕಡಿಮೆ. ಹೊಸದಾಗಿ ಮಾಡಿದ್ದು ಹಳೆಯದರ ಹಾಗೆ ಬರಲಿಲ್ಲ. ಕೊನೆಗೆ ಕಾರಣ ಸಿಕ್ಕಿತು: ಹಳೆಯ ಕಚ್ಚಾವಸ್ತುವಿನಲ್ಲಿ ಒಂದು ಕಲ್ಮಶ ಇತ್ತು, ಹೊಸ ವಿಧಾನ ಅದನ್ನು ಶುದ್ಧ ಮಾಡಿ ತೆಗೆದುಹಾಕುತ್ತಿತ್ತು. ವಸ್ತು ಕೆಲಸ ಮಾಡುತ್ತಿದ್ದದ್ದೇ ಆ ಕಲ್ಮಶದಿಂದ. ಮೊದಲು ತಯಾರಿಸಿದವರಿಗೂ ಅದು ಗೊತ್ತಿರಲಿಲ್ಲ.

ಚಂದ್ರನಿಗೆ ಹೋದ ಸ್ಯಾಟರ್ನ್ 5 ರಾಕೆಟ್ಟಿನ ಎಫ್-1 ಎಂಜಿನ್ನಿನದೂ ಇದೇ ತರಹದ ಕತೆ. ನಕ್ಷೆಗಳು ಇದ್ದವು. ಆದರೆ ಬೆಸುಗೆ ಹಾಕುವವರು ಒಂದೊಂದು ಎಂಜಿನ್ನಿಗೂ ಕೈಯಲ್ಲೇ ಮಾಡಿದ್ದ ಸಣ್ಣಪುಟ್ಟ ಹೊಂದಾಣಿಕೆಗಳು ಕಾಗದದ ಮೇಲೆ ಪೂರ್ತಿ ಇರಲಿಲ್ಲ. ಈ ಶತಮಾನದಲ್ಲಿ ನಾಸಾ ಎಂಜಿನಿಯರುಗಳು ಹಳೆಯ ಎಂಜಿನ್ನನ್ನೇ ಬಿಚ್ಚಿ, ಅಳೆದು ಕಲಿಯಬೇಕಾಯಿತು.

ಹಾಗಾಗಿ ನಿಮ್ಮ ಪಡೆಯಿಂದ ಒಂದೇ ಒಂದು ಕೈಚಳಕ ಕಿತ್ತುಕೊಳ್ಳಿ. ಹತ್ತು ಬೇಡ, ಒಂದು ಸಾಕು. ಅದನ್ನು ಹತ್ತಿರದಿಂದ ತೋರಿಸಿ. ಕೆಂಡಪಡೆಯಲ್ಲಿ ಕವಚದ ಮೊಣಕಾಲಿನ ಕೀಲು ಮಾಡುವವಳು ಸತ್ತಿದ್ದಾಳೆ. ಉಗ್ರಾಣದಲ್ಲಿ ಬಲಗಾಲಿನ ಕೀಲು ಹನ್ನೊಂದು ಇವೆ, ಎಡಗಾಲಿನವು ನಾಲ್ಕು. ಉಗ್ರಾಣದ ಮುದುಕ ಬಲಗಾಲಿನದನ್ನು ತಿರುವಿ, ಅರದಿಂದ ಉಜ್ಜಿ ಎಡಗಾಲಿಗೆ ಕೂರಿಸಿದ್ದಾನೆ. ಕೂರುತ್ತದೆ. ಆದರೆ ಕಾಲು ಮಡಿಸುವಾಗ ಕಟ್ ಅಂತ ಸದ್ದು ಬರುತ್ತದೆ, ಹೆಜ್ಜೆ ಹೊರಕ್ಕೆ ಜರುಗುತ್ತದೆ. ಆಮೇಲೆ ಬಂದ ಹೊಸಬರಿಗೆ ನೆಟ್ಟಗಿನ ಕೀಲು ಹೇಗಿರುತ್ತದೆಂದೇ ಗೊತ್ತಿಲ್ಲ. ಅವರು ಆ ಓರೆ ನಡಿಗೆಯನ್ನೇ ಪಡೆಯ ನಡಿಗೆ ಅಂದುಕೊಂಡು, ಕವಚ ಬಿಚ್ಚಿಟ್ಟ ಮೇಲೂ ಹಾಗೇ ನಡೆಯುತ್ತಾರೆ. ಹಳಬರಿಗೆ ಅದನ್ನು ನೋಡಿದರೆ ಮೈ ಉರಿಯುತ್ತದೆ. ಶತ್ರುಗಳು ದೂರದಿಂದಲೇ ಇವರನ್ನು ಗುರುತಿಸುತ್ತಾರೆ.

ಹಂತ 5: ಹೊಸಬರ ಲೆಕ್ಕ

ಬಹುತೇಕ ಕತೆಗಳು ಇಲ್ಲೇ ಎಡವುತ್ತವೆ. "ಹತ್ತು ವರ್ಷಗಳ ನಂತರ ಪಡೆ ಮತ್ತೆ ತನ್ನ ಪೂರ್ಣ ಬಲಕ್ಕೆ ಬಂತು" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಸ್ವಲ್ಪ ನಿಲ್ಲಿ, ಲೆಕ್ಕ ಹಾಕೋಣ.

41ರಲ್ಲಿ ಕಲಿಸಬಲ್ಲವರು 10 ಜನ. ಒಬ್ಬರು 4 ಜನರನ್ನು ತಯಾರು ಮಾಡುತ್ತಾರೆ. ತರಬೇತಿಗೆ 6 ವರ್ಷ. ಅರ್ಧ ಜನ ಮುಗಿಸುತ್ತಾರೆ. ಅಂದರೆ 6 ವರ್ಷಕ್ಕೆ 20 ಹೊಸ ಯೋಧರು. ಅಷ್ಟರಲ್ಲಿ ಕಾವಲು ಕೆಲಸದಲ್ಲಿ, ವಯಸ್ಸಾಗಿ, ಗಾಯವಾಗಿ ವರ್ಷಕ್ಕೆ 2 ಜನ ಕಡಿಮೆಯಾಗುತ್ತಾರೆ. 6 ವರ್ಷಕ್ಕೆ 12. ಕೊನೆಗೆ ಸಿಕ್ಕ ಲಾಭ 8 ಜನ. 30 ವರ್ಷ ಇದೇ ರೀತಿ ನಡೆದರೆ ಪಡೆ 41ರಿಂದ 81ಕ್ಕೆ ಬರುತ್ತದೆ. ಹಳೆಯ 900ರ ಹತ್ತನೇ ಒಂದು ಭಾಗವೂ ಇಲ್ಲ. ಹೊಸಬರಲ್ಲಿ ಕೆಲವರನ್ನು ಗುರುಗಳಾಗಿ ಮಾಡಿದರೆ ವೇಗ ಹೆಚ್ಚುತ್ತದೆ, ನಿಜ. ಆದರೆ ಅವರನ್ನು ಕಾವಲಿನಿಂದ ಬಿಡಿಸಬೇಕು, ಆಗ ಗಣಿ ಕೂಟ ಒಪ್ಪಂದ ತೋರಿಸಿ ರೇಗುತ್ತದೆ.

ಈಗ ನಿಮ್ಮ ಪಡೆ ಏನಾದರೂ ಒಂದನ್ನು ಬಿಡಲೇಬೇಕು. ತರಬೇತಿಯನ್ನು 6ರಿಂದ 2 ವರ್ಷಕ್ಕೆ ಇಳಿಸಬಹುದು, ಆದರೆ ಜಾಸ್ತಿ ಜನ ಸಾಯುತ್ತಾರೆ. ಮೊದಲು ಬೇಡ ಅನ್ನುತ್ತಿದ್ದವರನ್ನು ಸೇರಿಸಿಕೊಳ್ಳಬಹುದು: ವಯಸ್ಸಾದವರು, ಬೇರೆ ಪಡೆಯಿಂದ ಓಡಿ ಬಂದವರು, ಸೋತ ಶತ್ರುವಿನ ಮಕ್ಕಳು. ಯುದ್ಧಕ್ಕೇ ಹೋಗದೆ ಮೂವತ್ತು ವರ್ಷ ತೆಪ್ಪಗಿರಬಹುದು, ಆಗ ಅವರು ಯೋಧರೇ ಅಂತ ಜನ ಕೇಳುತ್ತಾರೆ. ಯಾವುದನ್ನು ಬಿಟ್ಟರು ಎಂಬುದೇ ನಿಮ್ಮ ಪಡೆಯ ಗುಣ.

ಹೊಸಬರನ್ನು ಹೇಗೆ ಸೇರಿಸುತ್ತಾರೆ ಎಂಬುದೂ ಮುಖ್ಯ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸತ್ತವರ ಜಾಗಕ್ಕೆ ಒಬ್ಬೊಬ್ಬರನ್ನೇ ನೇರ ಯುದ್ಧ ಮಾಡುತ್ತಿರುವ ತುಕಡಿಗೆ ಕಳಿಸುತ್ತಿತ್ತು. ಯಾರ ಪರಿಚಯವೂ ಇಲ್ಲದೆ ಬಂದ ಹುಡುಗರು ಹೆಸರು ಕೇಳುವ ಮುಂಚೆಯೇ ಸತ್ತದ್ದುಂಟು. ಹಳಬರೂ ಹೆಸರು ಕೇಳುವುದನ್ನು ಬಿಟ್ಟರು. ನಿಮ್ಮ ಪಡೆಯಲ್ಲಿ ಹೊಸಬರಿಗೆ ಹಾಸಿಗೆ ಎಲ್ಲಿ ಕೊಡುತ್ತಾರೆ, ಸತ್ತವರ ಸಾಮಾನಿನಲ್ಲಿ ಯಾವುದನ್ನು ಮುಟ್ಟಬಾರದು ಅನ್ನುತ್ತಾರೆ, ಇಷ್ಟು ತಿಳಿದರೆ ಆ ಕೋಣೆಯ ಗಾಳಿ ತಾನಾಗಿ ಬರುತ್ತದೆ.

ಒಂದು ತಾರೀಕನ್ನು ಗುರುತು ಹಾಕಿಕೊಳ್ಳಿ: ಹೊಸಬರ ಸಂಖ್ಯೆ ಹಳಬರನ್ನು ದಾಟುವ ದಿನ. ಆ ದಿನದಿಂದ ಪಡೆಯಲ್ಲಿ ಹೆಚ್ಚಿನವರು ಆ ನಾಶವನ್ನು ಕಣ್ಣಾರೆ ಕಂಡವರಲ್ಲ. ಹಿಂದಿನ ಎಲ್ಲವೂ ಅವರಿಗೆ ಕೇಳಿದ ಮಾತು.

ಹಂತ 6: ಜಗಳದಲ್ಲಿ ಇಬ್ಬರೂ ಸರಿಯಿರಲಿ

ಒಂದು ಗುಂಪು ಅನ್ನುತ್ತದೆ: ಮೊದಲಿದ್ದ ಹಾಗೇ ಕಟ್ಟೋಣ, ಇಲ್ಲದಿದ್ದರೆ ಸತ್ತವರು ಯಾತಕ್ಕೆ ಸತ್ತರು? ಇನ್ನೊಂದು ಗುಂಪು ಅನ್ನುತ್ತದೆ: ಮೊದಲಿದ್ದ ಹಾಗೆ ಇದ್ದದ್ದಕ್ಕೇ ಅವರು ಸತ್ತರು. ಎರಡನೆಯದು ಬುದ್ಧಿವಂತರ ಗುಂಪು, ಮೊದಲನೆಯದು ಮೂರ್ಖ ಮುದುಕರ ಗುಂಪು ಅಂತ ಮಾಡಿದರೆ ಕತೆ ಅಲ್ಲೇ ಸತ್ತಿತು. ಹಳಬರ ಪರವಾಗಿ ಬಲವಾದ ಒಂದು ವಾದವನ್ನು ನೀವೇ ಹುಡುಕಿ. ಉದಾಹರಣೆಗೆ, ಆ ಆರು ವರ್ಷದ ತರಬೇತಿಯಲ್ಲಿ ಮೊದಲ ಎರಡು ವರ್ಷ ಆಯುಧವನ್ನೇ ಮುಟ್ಟಿಸುವುದಿಲ್ಲ. ದಂಡ ಅನ್ನಿಸುತ್ತದೆ. ಆದರೆ ಆದೇಶವನ್ನು ಯಾವಾಗ ಪಾಲಿಸಬಾರದು ಎಂದು ಕಲಿಯುವುದು ಆ ಎರಡು ವರ್ಷದಲ್ಲೇ. ಅದನ್ನು ಕತ್ತರಿಸಿದ ಮೇಲೆ ಬಂದ ಹುಡುಗರು ಗಣಿ ಕಾರ್ಮಿಕರ ಮೇಲೆ ಗುಂಡು ಹಾರಿಸು ಅಂದರೆ ಹಾರಿಸುತ್ತಾರೆ.

ಪಡೆಯನ್ನು ಉಳಿಸಿದವರೇ ಅದನ್ನು ಕಟ್ಟಬಲ್ಲರು ಎಂದೂ ಅಂದುಕೊಳ್ಳಬೇಡಿ. 1410ರಲ್ಲಿ ಗ್ರುನ್‌ವಾಲ್ಡ್‌ನಲ್ಲಿ ಪೋಲೆಂಡ್ ಮತ್ತು ಲಿಥುವೇನಿಯದ ಸೈನ್ಯದ ಎದುರು ಟ್ಯೂಟಾನಿಕ್ ಪಡೆ ಸೋತಿತು, ಅದರ ಮುಖ್ಯಸ್ಥನೂ ಹೆಚ್ಚಿನ ಹಿರಿಯರೂ ಸತ್ತರು. ಹೈನ್‌ರಿಷ್ ಫಾನ್ ಪ್ಲಾವೆನ್ ಎಂಬುವನು ಮರಿಯನ್‌ಬುರ್ಗ್ ಕೋಟೆಗೆ ಓಡಿ ಬಂದು, ಮುತ್ತಿಗೆ ತಡೆದು, ಪಡೆಯನ್ನು ಉಳಿಸಿದ. ಮುಖ್ಯಸ್ಥನೂ ಆದ. ಮೂರು ವರ್ಷದೊಳಗೆ, 1413ರಲ್ಲಿ, ಮತ್ತೆ ಯುದ್ಧಕ್ಕೆ ಹೊರಟದ್ದಕ್ಕೆ ಅವನ ಜೊತೆಗಾರರೇ ಅವನನ್ನು ಇಳಿಸಿ ಸೆರೆಗೆ ಹಾಕಿದರು. ಆ ಸೋಲಿನ ನಂತರ 1411ರಲ್ಲಿ ಆದ ಒಪ್ಪಂದದ ದಂಡ ಮತ್ತು ಸೆರೆಯಾಳುಗಳ ಬಿಡುಗಡೆ ಹಣಕ್ಕಾಗಿ ತೆರಿಗೆ ಏರಿತು, ಅವರ ಆಳ್ವಿಕೆಯ ಪಟ್ಟಣಗಳೇ ತಿರುಗಿಬಿದ್ದವು. 1525ರಲ್ಲಿ ಇನ್ನೊಬ್ಬ ಮುಖ್ಯಸ್ಥ ಆಲ್ಬರ್ಟ್ ಪ್ರಷ್ಯದಲ್ಲಿದ್ದ ಪಡೆಯ ನಾಡನ್ನು ತನ್ನದೇ ಡಚಿಯಾಗಿ, ಅಂದರೆ ತಾನೇ ಆಳುವ ಸಂಸ್ಥಾನವಾಗಿ, ಮಾಡಿಕೊಂಡ. ಉಳಿಸಿದವನಿಗೆ ಸೆರೆ, ಮುರಿದವನಿಗೆ ರಾಜ್ಯ. ಇದನ್ನು ನಾವು ಕಲ್ಪಿಸಿ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ.

ಹಂತ 7: ಆಚರಣೆ, ಲಾಂಛನ, ಬಣ್ಣ

ಈಗ ಬಣ್ಣಕ್ಕೆ ಬರಬಹುದು. ಇಷ್ಟು ಹೊತ್ತಿಗೆ ಅದು ತಾನಾಗಿ ಸಿಕ್ಕಿರುತ್ತದೆ. ಬಣ್ಣ ಖಾಲಿಯಾಗಿದ್ದರೆ ಕವಚ ಬರಿ ಲೋಹದ ಬಣ್ಣ, ಅಷ್ಟೇ.

ಆಚರಣೆ ಒಂದೇ ಇರಲಿ, ಅದರ ನಡುವೆ ಒಂದು ವಸ್ತು ಇರಲಿ. 1863ರ ಏಪ್ರಿಲ್ 30ರಂದು ಮೆಕ್ಸಿಕೋದ ಕಾಮೆರೋನ್ ಎಂಬಲ್ಲಿ ಫ್ರೆಂಚ್ ವಿದೇಶಿ ಲೀಜನ್ನಿನ 65 ಮಂದಿ ತಮಗಿಂತ ಎಷ್ಟೋ ಪಟ್ಟು ದೊಡ್ಡ ಸೈನ್ಯವನ್ನು ಇಡೀ ದಿನ ತಡೆದು ಸೋತರು. ಅವರ ಕ್ಯಾಪ್ಟನ್ ದಾಂಜೂಗೆ ಒಂದು ಕೈ ಮರದ್ದು. ಆ ಮರದ ಕೈ ಆಮೇಲೆ ಸಿಕ್ಕಿತು. ಈಗಲೂ ಪ್ರತಿ ವರ್ಷ ಅದೇ ದಿನ ಲೀಜನ್ನಿನವರು ಅದನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ಗೆದ್ದ ಯುದ್ಧಗಳನ್ನು ಬಿಟ್ಟು ಸೋತ ದಿನವನ್ನೇ ಅವರು ದೊಡ್ಡ ಹಬ್ಬ ಮಾಡಿಕೊಂಡದ್ದನ್ನು ಗಮನಿಸಿ. ಕೆಂಡಪಡೆಯ ವಸ್ತು ಏನು? ಆ ಕೀಲು ಮಾಡುವವಳ ಅರ ಆಗಬಹುದು. ಅದನ್ನು ಪೂಜೆಗೆ ಇಟ್ಟಿದ್ದಾರೆ, ಹಾಗಾಗಿ ಬಳಸಲು ಬಿಡುವುದಿಲ್ಲ. ಉಗ್ರಾಣದ ಮುದುಕ ಮೊಂಡಾದ ಇನ್ನೊಂದು ಅರದಲ್ಲಿ ಉಜ್ಜುತ್ತಿರುತ್ತಾನೆ.

ಹಂತ 8: ಎಲ್ಲಿಂದ ಶುರು, ಎಲ್ಲಿಗೆ ನಿಲ್ಲಿಸುವುದು

ನಾಶದ ದಿನದಿಂದ ಶುರು ಮಾಡಬೇಡಿ. ಅದಾಗಿ ಹನ್ನೆರಡು, ಹದಿನೈದು ವರ್ಷಗಳ ನಂತರ ಬನ್ನಿ. ಹೊಸಬರು ಹಳಬರನ್ನು ದಾಟುವ ಸುಮಾರು ಹೊತ್ತು. ಹೊಸದಾಗಿ ಸೇರಿದ ಒಬ್ಬಳ ಕಣ್ಣಿನಿಂದ ನೋಡಿ, ಏಕೆಂದರೆ ಅವಳು ಪ್ರಶ್ನೆ ಕೇಳಬಹುದು. ಹಳಬರಿಗೆ ಕೇಳಲು ಧೈರ್ಯವಿಲ್ಲ.

ಹಿನ್ನೆಲೆಯ ಟಿಪ್ಪಣಿ ಎರಡು ಪುಟ ದಾಟಿದರೆ ನಿಲ್ಲಿಸಿ, ಒಂದು ದೃಶ್ಯ ಬರೆಯಿರಿ. ಟಿಪ್ಪಣಿ ಬರೆಯುವುದು ಸುಖದ ಕೆಲಸ, ಅದರಲ್ಲೇ ವರ್ಷ ಕಳೆದುಬಿಡಬಹುದು.

ಕೊನೆಯಲ್ಲಿ ಒಂದು ಆಸೆ ಬರುತ್ತದೆ, ಅದನ್ನು ತಡೆಯಿರಿ. ಕತೆ ಇಕ್ಕಟ್ಟಿಗೆ ಸಿಕ್ಕಾಗ ಎಲ್ಲೋ ಮಲಗಿದ್ದ ಸಾವಿರ ಯೋಧರು ಎದ್ದು ಬಂದರು, ಹೊಸ ಕವಚ ತಂದರು ಅಂತ ಬರೆಯಬೇಕು ಅನ್ನಿಸುತ್ತದೆ. ಬರೆದರೆ ಹಂತ 1ರಿಂದ ಹಾಕಿದ ಲೆಕ್ಕವೆಲ್ಲ ಒಂದೇ ಪುಟದಲ್ಲಿ ನೀರುಪಾಲು. ಸಹಾಯ ಬರಲೇಬೇಕಿದ್ದರೆ ಒಂದು ಹಳೆಯ ನೌಕೆ ಬರಲಿ, ಅದರಲ್ಲಿ ಆರು ಜನ ಇರಲಿ. ಅವರ ಕವಚದ ಎಡ ಮೊಣಕಾಲಿನ ಅಳತೆ ಕೆಂಡಪಡೆಯದಕ್ಕೆ ಹೊಂದಬಾರದು.